ಕಡೇ ಬಸ್ಸು ತಪ್ಪಿದವನ ಸೈಕಲ್ಲಿಗೆ ಯಾವ ಮೋಟಾರು?

ದಾವಣಗೆರೆ : ರಾತ್ರಿ ಒಂಬತ್ತಾದರೆ ಚೌಕಿಪೇಟೆಯಲ್ಲಿ ಒಂದಾದ ಮೇಲೊಂದು ಷಟರು ಇಳಿಯುತ್ತವೆ. ಷಟರು ಎಳೆದು, ಬೀಗ ಜಡಿದು, ಕೀಲಿಕೈ ಸಾವ್ಕಾರರ ಕೈಗಿಟ್ಟು ಬಸ್ ಸ್ಟ್ಯಾಂಡಿಗೆ ಓಡುವವರ ಒಂದು ಸಣ್ಣ ದಂಡೇ ಈ ಊರಿನಲ್ಲಿದೆ. ಇವರಿಗೆ ಗಡಿಯಾರವೆಂದರೆ ಕಡೇ ಬಸ್ಸು. ಅದು ಹೋದರೆ ಆ ರಾತ್ರಿ ಹೋಯಿತು.

ಈ ದಂಡಿನಲ್ಲಿ ಒಬ್ಬರು ಜವಳಿ ಅಂಗಡಿಯ ಗುಮಾಸ್ತರು. ವಯಸ್ಸು ನಲವತ್ತೆಂಟು. ಹದಡಿ ರಸ್ತೆಯ ಕಡೆ ಹನ್ನೊಂದು ಕಿಲೋಮೀಟರು ದೂರದ ಹಳ್ಳಿ. ಹೆಸರು ಹಾಕಬ್ಯಾಡ್ರಿ ಅಂದಿದ್ದಾರೆ, ಹಾಕುವುದಿಲ್ಲ. ಪೇಟೆಯವರೆಲ್ಲ ಅವರನ್ನು ಅಣ್ಣಾರು ಅನ್ನುತ್ತಾರೆ, ಇಲ್ಲೂ ಹಾಗೇ ಇರಲಿ. ಮದುವೆ ಸೀಜನ್ ಬಂತೆಂದರೆ ಅಂಗಡಿ ಮುಚ್ಚುವುದು ಒಂಬತ್ತೂವರೆ, ಹತ್ತು. ಹೋದ ಸೀಜನ್ನಿನಲ್ಲಿ ಅಣ್ಣಾರಿಗೆ ಹನ್ನೊಂದು ರಾತ್ರಿ ಬಸ್ಸು ತಪ್ಪಿತು. ಮೂರು ರಾತ್ರಿ ಮುನ್ನೂರು ಮುನ್ನೂರು ಕೊಟ್ಟು ಆಟೋದಲ್ಲಿ ಹೋದರು. ಉಳಿದ ಎಂಟು ರಾತ್ರಿ ಅಂಗಡಿ ಜಗಲಿಯೇ ಹಾಸಿಗೆ.

ಜಗಲಿಯ ಮೇಲೆ ಮಲಗುವುದು ದೊಡ್ಡ ಕಷ್ಟವಲ್ಲ ಅನ್ನಬಹುದು. ಆದರೆ ಮನೆಯಲ್ಲಿ ಅವರ ಹೆಂಡತಿಗೆ ಸಕ್ಕರೆ ಕಾಯಿಲೆ. ಕಣ್ಣು ಮಂಜು. ರಾತ್ರಿ ಊಟಕ್ಕೆ ಮುಂಚೆ ಇನ್ಸುಲಿನ್ ಸೂಜಿಯಲ್ಲಿ ಗೆರೆ ನೋಡಿ ಔಷಧಿ ತುಂಬುವವರು ಅಣ್ಣಾರೇ. ಅವರು ಹೋಗದ ರಾತ್ರಿ ಪಕ್ಕದ ಮನೆಯ ಹುಡುಗಿಯನ್ನು ಕೂಗಬೇಕು. ಆ ಹುಡುಗಿಗೂ ಈಗ ಮದುವೆ ಗೊತ್ತಾಗಿದೆ.

ಹಿಂಗಿರುವಾಗ ಅಣ್ಣಾರ ಚೀಟಿ ಎದ್ದಿತು. ಕೈಗೆ ಬಂದದ್ದು 24 ಸಾವಿರ. ಮನೆಯಲ್ಲಿ ಅಪ್ಪನ ಕಾಲದ ಕರಿ ಸೈಕಲ್ಲು ಇದೆ. ಅದಕ್ಕೆ ಮೋಟಾರು ಕೂಡಿಸಿಬಿಡೋಣ ಎಂದು ಲೆಕ್ಕ ಹಾಕಿದರು. ಲೀಟರಿಗೆ ನೂರು ರೂಪಾಯಿ ದಾಟಿದ ಪೆಟ್ರೋಲ್ ಹಾಕಿಸುವ ಗಾಡಿ ಬೇಡ, ಕಂತು ಕಟ್ಟುವ ಸ್ಕೂಟರೂ ಬೇಡ ಎಂಬ ತೀರ್ಮಾನ. ಬೆಂಗಳೂರಿನಲ್ಲಿರುವ ಅಳಿಯ ಫೋನಿನಲ್ಲಿ ಹೇಳಿದನಂತೆ : "ಮಾವ, ತಗಳಾದಾದ್ರೆ ಸಾವಿರ ವಾಟಿಂದೇ ತಗ. ಚಿಕ್ಕದು ತಗಂಡು ಆಮೇಲೆ ಅಳಬ್ಯಾಡ."

ಅಣ್ಣಾರು ಈ ವಿಷಯ ಹಿಡಿದುಕೊಂಡು ಬಂದದ್ದು ನನ್ನ ಹತ್ತಿರ. ಕಾರಣ ನನ್ನ ಗದ್ದದ ಮೇಲಿರುವ ಮೂರು ಹೊಲಿಗೆ. ಗಾಂಧಿ ಸರ್ಕಲ್ಲಿನ ಹತ್ತಿರ ಚಹಾ ಕುಡಿಯುತ್ತ ಕೇಳಿದರು : "ಪೇಪರ್ನೋರೆ, ನೀವು ಬಿದ್ದಿದ್ದು ಯಾವ ಮೋಟಾರಿಂದ ಅಂತ ಹೇಳ್ರಿ. ಅದೊಂದು ಬಿಟ್ಟು ಬ್ಯಾರೆ ತಗಂತೀನಿ."

ನಗು ಬಂತು. ಆದರೆ ಮಾತು ಸರಿಯಾದದ್ದೇ.

ನಾನು ಬಿದ್ದ ಕತೆ

ಸ್ವಾಮಿ, ನಾನು ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನು. ವಿದ್ಯುತ್ತಿನ ಪಾಠ ಬರುವ ಹೊತ್ತಿಗೆ ನಾನು ಕಾಲೇಜಿನಲ್ಲಿರಲಿಲ್ಲ. ಅದಕ್ಕೇ ಇರಬೇಕು, ದೊಡ್ಡದೆಲ್ಲ ಒಳ್ಳೆಯದು ಎಂದುಕೊಂಡು ನನ್ನ ಗೇರ್ ಸೈಕಲ್ಲಿನ ಮುಂದಿನ ಗಾಲಿಗೆ 48 ವೋಲ್ಟಿನ ಸಾವಿರ ವಾಟ್ ಮೋಟಾರು ಹಾಕಿಸಿದೆ. ಮುಂದಿನ ಗಾಲಿಯಾದರೆ ಬಿಚ್ಚಿ ಹಾಕುವುದು ಸುಲಭ, ಚೈನಿನ ತಂಟೆಯಿಲ್ಲ ಎಂಬ ಆಸೆ. ಹದಿನೈದು ದಿನ ರಾಜನ ಹಾಗೆ ಓಡಾಡಿದೆ. ಹದಿನಾರನೇ ದಿನ ಪಿ.ಬಿ. ರಸ್ತೆಯಲ್ಲಿ ನಿಂತಲ್ಲಿಂದ ಪೂರ್ತಿ ಎಕ್ಸಲೇಟರ್ ತಿರುವಿದೆ. ಟಣ್ ಎಂದು ಸದ್ದಾಯಿತು. ಗಾಲಿ ತಿರುಗುವ ಬದಲು ಗಾಲಿಯ ಅಚ್ಚೇ ತಿರುಗಿತು! ಅಚ್ಚು ಕೂತಿದ್ದ ಫೋರ್ಕಿನ ಅಲ್ಯುಮಿನಿಯಂ ಬಾಯಿ ಒಡೆದು, ಒಳಗಿಂದ ಬಂದ ತಂತಿ ಹುರಿಯಂತೆ ಸುತ್ತಿ ಹರಿದು, ಗಾಲಿ ಒಂದು ಕಡೆ, ನಾನು ಒಂದು ಕಡೆ. ಹಿಂದೆ ಬರುತ್ತಿದ್ದ ಸಿಟಿ ಬಸ್ಸಿನ ಡ್ರೈವರು ಬ್ರೇಕ್ ಒತ್ತದಿದ್ದರೆ ಈ ಅಂಕಣ ಬರೆಯಲು ಇನ್ನೊಬ್ಬರು ಬೇಕಾಗುತ್ತಿತ್ತು.

ಏಕೆ ಹೀಗಾಯಿತು? ಆಮೇಲೆ ತಿಳಿಯಿತು. ಹಬ್ ಮೋಟಾರಿನಲ್ಲಿ ಗಾಲಿಯನ್ನು ಮುಂದಕ್ಕೆ ತಿರುಗಿಸುವ ಬಲ ಎಷ್ಟೋ, ಅಚ್ಚನ್ನು ಹಿಂದಕ್ಕೆ ತಿರುಗಿಸುವ ಬಲವೂ ಅಷ್ಟೇ. ಸಾದಾ ಸೈಕಲ್ಲಿನಲ್ಲಿ ಅಚ್ಚಿಗೆ ಭಾರ ಹೊರುವ ಕೆಲಸ ಮಾತ್ರ. ಇಲ್ಲಿ ತಿರುಚಾಟವನ್ನೂ ತಡೆಯಬೇಕು. ಅಚ್ಚಿನ ಎರಡು ಬದಿ ಚಪ್ಪಟೆ ಮಾಡಿರುತ್ತಾರೆ, ಆ ಚಪ್ಪಟೆಯ ದಪ್ಪ ಸುಮಾರು 10 ಮಿಲಿಮೀಟರು. 40 ನ್ಯೂಟನ್ ಮೀಟರಿನ ತಿರುಚು ಬಲ ಒಂದು ಸೆಂಟಿಮೀಟರಿನ ಆ ಜಾಗದ ಮೇಲೆ ಬಿದ್ದರೆ 400 ಕಿಲೋ ಅದುಮಿದ ಹಾಗೆ. ನಾಲ್ಕು ಕ್ವಿಂಟಲ್! ಫೋರ್ಕಿನ ಬಾಯಿ ತಡೆದೀತೆ? ಅದಕ್ಕೇ ಟಾರ್ಕ್ ಆರ್ಮ್ ಎಂಬ ಉಕ್ಕಿನ ಪಟ್ಟಿಯನ್ನು ಅಚ್ಚಿಗೆ ತೊಡಿಸಿ ಫ್ರೇಮಿಗೆ ಬಿಗಿಯಬೇಕು. ನನಗೆ ಮಾರಿದವರು ಅದನ್ನು ಕೊಡಲಿಲ್ಲ, ನಾನು ಕೇಳಲಿಲ್ಲ. ಕೇಳುವುದು ಗೊತ್ತಿದ್ದರೆ ತಾನೇ.

ಇಷ್ಟು ಹೇಳಿ ಅಣ್ಣಾರನ್ನು ಕರೆದುಕೊಂಡು ನನ್ನ ಹಳೇ ಗುರುಗಳ ಹತ್ತಿರ ಹೋದೆ. ಮಂಡಿಪೇಟೆ ಕಡೆಯ ಸೈಕಲ್ ಶಾಪಿನ ಚಾಚಾ. ನಲವತ್ತು ವರ್ಷದಿಂದ ಗಾಲಿಯ ಬೆಂಡು ತೆಗೆಯುತ್ತಿರುವ ಕೈ. ಪಕ್ಕದಲ್ಲೇ ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡುವ ಅವರ ಮಗನ ಅಂಗಡಿ. ಅಪ್ಪನಿಗೆ ಗಾಲಿ ಗೊತ್ತು, ಮಗನಿಗೆ ತಾಮ್ರ ಗೊತ್ತು. ಇಬ್ಬರ ನಡುವೆ ಕೂತರೆ ಅದೇ ಒಂದು ಕಾಲೇಜು.

ಹಮಾಲನ ಲೆಕ್ಕ

"ಎಷ್ಟು ವಾಟು ಅಂತ ಆಮೇಲೆ ಕೇಳ್ರಿ," ಅಂದ ಮಗ. "ಎಷ್ಟು ತೂಕ, ಎಷ್ಟು ದೂರ, ಎಷ್ಟು ಏರು, ಮದ್ಲು ಅದನ್ನ ಹೇಳ್ರಿ."

ತೂಕ ಲೆಕ್ಕ ಹಾಕಿದೆವು. ಅಣ್ಣಾರು 62 ಕಿಲೋ. ಕರಿ ಸೈಕಲ್ಲು 20. ಮೋಟಾರು ಬ್ಯಾಟರಿ ಸೇರಿ 8. ವಾರಕ್ಕೊಮ್ಮೆ ಸಂತೆ ಚೀಲ 20. ಒಟ್ಟು 110 ಕಿಲೋ. ದೂರ ಹೋಗಿಬರಲು 22 ಕಿಲೋಮೀಟರು. ಏರು? ದಾರಿಯಲ್ಲಿ ಒಂದು ನಾಲೆಯ ಏರಿ ಬರುತ್ತದೆ, ಅಷ್ಟೇ. ಮಿಕ್ಕದ್ದೆಲ್ಲ ಸಪಾಟು. ಏರಿಯ ಏರು ಎಷ್ಟೆಂದು ಬಾಯಲ್ಲಿ ಹೇಳಿದರೆ ಮಗನಿಗೆ ಸಾಲದು. ಭಾನುವಾರ ಗಾರೆ ಮೇಸ್ತ್ರಿಯ ನೀರಿನ ಟ್ಯೂಬ್ ಲೆವೆಲ್ ತೆಗೆದುಕೊಂಡು ನಾನೂ ಅಣ್ಣಾರೂ ಹೋಗಿ ಅಳೆದೆವು. ನೂರು ಅಡಿಗೆ ನಾಲ್ಕು ಅಡಿ. ದನ ಮೇಯಿಸುವ ಹುಡುಗರು ಹೊಸ ರಸ್ತೆ ಬರುತ್ತದೆ ಎಂದುಕೊಂಡು ಖುಷಿಪಟ್ಟರು, ಪಾಪ.

ಆ ಏರಿನಲ್ಲಿ 110 ಕಿಲೋವನ್ನು ಗಂಟೆಗೆ 15 ಕಿಲೋಮೀಟರಿನಂತೆ ಹತ್ತಿಸಲು ಗಾಲಿಗೆ ಸುಮಾರು 250 ವಾಟ್ ಬೇಕು. ಅದರಲ್ಲಿ ಅಣ್ಣಾರು ಹಗುರವಾಗಿ ಪೆಡಲ್ ತುಳಿದರೂ 70-75 ವಾಟ್ ಅವರ ಕಾಲಿನದೇ. ಸಪಾಟು ರಸ್ತೆಯಲ್ಲಿ ಗಂಟೆಗೆ 25 ಕಿಲೋಮೀಟರು ಓಡಲು 170-180 ವಾಟ್ ಸಾಕು. ಹಾಗಾದರೆ ಸಾವಿರ ವಾಟ್ ಯಾತಕ್ಕೆ? ಮದುವೆ ಮನೆಯಲ್ಲಿ ಇಬ್ಬರ ಊಟಕ್ಕೆ ಇನ್ನೂರು ಜನರ ಹಂಡೆ ಒಲೆಗಿಟ್ಟ ಹಾಗೆ.

ಮೋಟಾರಿನ ಮೇಲೆ ಬರೆದ ವಾಟ್ ಎಂದರೆ ಏನು ಎಂಬುದನ್ನೂ ಮಗ ತಿಳಿಸಿದ. ನಮ್ಮ ಎ.ಪಿ.ಎಂ.ಸಿ. ಹಮಾಲನನ್ನು ನೋಡಿ. ನೂರು ಕಿಲೋ ಚೀಲ ಹೊತ್ತು ಹತ್ತು ಹೆಜ್ಜೆ ನಡೆದು ಲಾರಿಗೆ ಹಾಕುತ್ತಾನೆ. ಹಾಗಂತ ಅದನ್ನು ಹೊತ್ತುಕೊಂಡೇ ಹರಿಹರದವರೆಗೆ ನಡೆ ಎನ್ನಲಾದೀತೆ? 250 ವಾಟ್ ಎಂದರೆ ಮೋಟಾರು ಕಾದು ಕೆಡದ ಹಾಗೆ ಹೊತ್ತುಗಟ್ಟಲೆ ಕೊಡುವ ಶಕ್ತಿ. ಒಂದೆರಡು ನಿಮಿಷಕ್ಕೆ ಅದೇ ಮೋಟಾರು ಹೆಚ್ಚು ಎಳೆಯುತ್ತದೆ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವಾಟ್. 36 ವೋಲ್ಟ್ ಬ್ಯಾಟರಿ, 15 ಆಂಪಿಯರ್ ಬಿಡುವ ಕಂಟ್ರೋಲರ್ ಇದ್ದರೆ ಗುಣಿಸಿ ನೋಡಿ, 540. ಅಂದರೆ ನಾಲೆ ಏರಿಯಂಥ ತುಂಡು ಏರಿಗೆ ಬೇಕಾದ ಹೆಚ್ಚಿನ ಕಸುವು ಅದರಲ್ಲೇ ಅಡಗಿದೆ.

ಎರಡು ಜಾತಿ

ಹಬ್ ಮೋಟಾರು ಹೊಸ ಮಾಯೆಯೇನಲ್ಲ. ಅಮೆರಿಕದ ಓಹಾಯೋ ಪ್ರಾಂತ್ಯದ ಆಗ್ಡನ್ ಬೋಲ್ಟನ್ ಎಂಬಾತ ಸೈಕಲ್ಲಿನ ಹಿಂದಿನ ಗಾಲಿಯ ಹಬ್ಬಿನಲ್ಲೇ ಮೋಟಾರು ಕೂಡಿಸಿ ಪೇಟೆಂಟ್ ಪಡೆದದ್ದು 1895ರ ಡಿಸೆಂಬರ್ 31ರಂದು. ಆಗ ಇಂಗಾಲದ ಬ್ರಷ್ಷು ಉಜ್ಜುವ ಮೋಟಾರು. ಈಗಿನದು ಬ್ರಷ್ಷಿಲ್ಲದ್ದು. ಆಯಸ್ಕಾಂತಗಳು ಸುತ್ತುತ್ತವೆ, ತಾಮ್ರದ ಸುರುಳಿ ನಿಂತಲ್ಲೇ ಇರುತ್ತದೆ, ಯಾವ ಸುರುಳಿಗೆ ಯಾವಾಗ ಕರೆಂಟು ಎಂಬುದನ್ನು ಕಂಟ್ರೋಲರ್ ನೋಡಿಕೊಳ್ಳುತ್ತದೆ.

ಇದರಲ್ಲಿ ಎರಡು ಜಾತಿ.

ಒಂದು ನೇರ ಮೋಟಾರು. ಅಗಲವಾದ ತಟ್ಟೆಯ ಹಾಗಿರುತ್ತದೆ. ಒಳಗೆ ಹಲ್ಲುಚಕ್ರ ಇಲ್ಲ. ಮೋಟಾರಿನ ಮೈಯೇ ಗಾಲಿಯ ಹಬ್ಬು. ಸದ್ದಿಲ್ಲ, ಸವೆಯುವುದಕ್ಕೆ ಬೇರಿಂಗ್ ಬಿಟ್ಟರೆ ಬೇರೇನಿಲ್ಲ. ಆದರೆ ತೂಕ ಐದಾರು ಕಿಲೋ. ಗಾಲಿ ನಿಧಾನ ತಿರುಗಿದಷ್ಟೂ ಇದಕ್ಕೆ ಕಷ್ಟ. ಉದ್ದನೆಯ ಏರಿನಲ್ಲಿ ಗಂಟೆಗೆ ಎಂಟು ಹತ್ತು ಕಿಲೋಮೀಟರಿಗೆ ಇಳಿಯಿತೋ, ಕರೆಂಟೆಲ್ಲ ಬಿಸಿಯಾಗಿ ಹೋಗುತ್ತದೆ. ಇನ್ನೊಂದು ಕಾಟವೆಂದರೆ ಬ್ಯಾಟರಿ ಖಾಲಿಯಾದಾಗ ಆಯಸ್ಕಾಂತ ಹಿಡಿದೆಳೆಯುತ್ತದೆ. ಬ್ರೇಕು ಸ್ವಲ್ಪ ಹಿಡಿದೇ ತುಳಿದಂತೆ. ಬ್ರೇಕ್ ಹಾಕಿದಾಗ ಬ್ಯಾಟರಿಗೆ ಕರೆಂಟು ವಾಪಸು ಬರುತ್ತದೆ ಎಂದು ಮಾರುವವರು ಹೇಳುತ್ತಾರೆ. ಬರುವುದು ನಿಜ, ಆದರೆ ನಮ್ಮ ದಾವಣಗೆರೆಯಂಥ ಸಪಾಟು ಊರಿನಲ್ಲಿ ನೂರಕ್ಕೆ ಐದು ಬಂದರೆ ಪುಣ್ಯ. ಅದನ್ನು ನಂಬಿ ಕೊಳ್ಳಬೇಡಿ.

ಇನ್ನೊಂದು ಗೇರ್ ಮೋಟಾರು. ತೆಂಗಿನಕಾಯಿ ಗಾತ್ರದ ಹಬ್ಬು. ತೂಕ ಎರಡೂವರೆ ಮೂರು ಕಿಲೋ. ಒಳಗೆ ಸಣ್ಣ ಮೋಟಾರು ಜೋರಾಗಿ ತಿರುಗುತ್ತದೆ. ಸುಮಾರು ಐದು ಸುತ್ತಿಗೆ ಗಾಲಿ ಒಂದು ಸುತ್ತು. ನಡುವೆ ಮೂರು ಹಲ್ಲುಚಕ್ರಗಳು, ಹೆಚ್ಚಾಗಿ ನೈಲಾನಿನವು. ವೇಗ ಕಳೆದುಕೊಂಡು ಬಲ ಗಳಿಸುವ ವ್ಯಾಪಾರ ಇದು. ನಿಂತಲ್ಲಿಂದ ಎಳೆಯಲು, ಏರು ಹತ್ತಲು ವಾಸಿ. ಒಳಗೊಂದು ಫ್ರೀವೀಲ್ ಇರುವುದರಿಂದ ಬ್ಯಾಟರಿ ಮುಗಿದರೂ ಮಾಮೂಲು ಸೈಕಲ್ಲಿನಂತೆ ತುಳಿದುಕೊಂಡು ಹೋಗಬಹುದು. ಕೊರತೆ ಎಂದರೆ ಸಣ್ಣಗೆ ಗುಂಯ್ ಎನ್ನುತ್ತದೆ, ವರ್ಷಗಳು ಕಳೆದ ಮೇಲೆ ನೈಲಾನ್ ಹಲ್ಲು ಸವೆಯುತ್ತದೆ, ಕರೆಂಟು ವಾಪಸು ಕೊಡುವುದಿಲ್ಲ.

ಅಣ್ಣಾರು ಪೂರ್ತಿ ಕೇಳಿ ಒಂದೇ ಪ್ರಶ್ನೆ ಹಾಕಿದರು : "ರಾತ್ರಿ ಹತ್ತಕ್ಕೆ ನಡುದಾರ್‍ಯಾಗೆ ಬ್ಯಾಟರಿ ಕೈ ಕೊಟ್ರೆ, ತುಳಕಂಡು ಮನಿ ಸೇರಾಕೆ ಆಗೋದು ಯಾವ್ದು?"

"ಗೇರಿಂದು."

"ಮತ್ತೆ ಅದೇ ಕೊಡ್ರಿ. ಇನ್ನೇನು ಮಾತು."

ಎಷ್ಟೋ ಹೊತ್ತಿನ ಚರ್ಚೆಯನ್ನು ಒಂದು ಮಾತಿನಲ್ಲಿ ತೀರಿಸಿದರು.

ಸುತ್ತಿನ ಸಂಖ್ಯೆ ಕೇಳಿ

ವಾಟ್ ಕೇಳುವವರು ಎಲ್ಲರೂ. ಸುತ್ತಿನ ಸಂಖ್ಯೆ ಕೇಳುವವರು ಯಾರೂ ಇಲ್ಲ. ಒಂದೇ ಕಂಪನಿಯ ಒಂದೇ ಗಾತ್ರದ ಮೋಟಾರಿನಲ್ಲೂ ತಾಮ್ರ ಸುತ್ತಿದ ರೀತಿಯಿಂದ ವೇಗ ಬೇರೆಯಾಗುತ್ತದೆ. ಕರಿ ಸೈಕಲ್ಲಿನ 28 ಇಂಚಿನ ಗಾಲಿ ಒಂದು ಸುತ್ತಿಗೆ ಸುಮಾರು 2.2 ಮೀಟರು ಹೋಗುತ್ತದೆ. ನಿಮಿಷಕ್ಕೆ 190 ಸುತ್ತಾದರೆ ಗಂಟೆಗೆ 25 ಕಿಲೋಮೀಟರು. 26 ಇಂಚಿನ ಗಾಲಿಯಾದರೆ 200 ಸುತ್ತು. ಅದನ್ನು ಬಿಟ್ಟು 300 ಸುತ್ತಿನ ಮೋಟಾರು ತಂದರೆ ಸಪಾಟಿನಲ್ಲಿ ಹಾರುತ್ತದೆ, ಏರಿನಲ್ಲಿ ಏದುಸಿರು ಬಿಡುತ್ತದೆ. ಅಷ್ಟೇ ಬಲ ತೆಗೆಯಲು ಹೆಚ್ಚು ಆಂಪಿಯರ್ ಕುಡಿಯುತ್ತದೆ. ಸಾಮಾನು ಹೊರುವ ಅಂಗಡಿಯವರು ಇದನ್ನು ಮುಖ್ಯವಾಗಿ ನೆನಪಿಡಬೇಕು. ಭಾರ ಇದ್ದವನಿಗೆ ನಿಧಾನ ಸುತ್ತಿನ ಮೋಟಾರೇ ಮಿತ್ರ. ಗಾಲಿ ಚಿಕ್ಕದಾದಷ್ಟೂ ಎಳೆತ ಹೆಚ್ಚು.

ಮಂಡಕ್ಕಿ ಚೀಲ ಹೊರುವವರಿಗೆ ಇನ್ನೊಂದು ಮಾತು. ಮಂಡಕ್ಕಿ ಹಗುರ, ಆದರೆ ಚೀಲ ಗೋಡೆಯಷ್ಟು ಅಗಲ. ಗಾಳಿ ತಡೆಯುತ್ತದೆ. ನೀವು ಹೆಚ್ಚು ಖರ್ಚು ಮಾಡುವುದು ತೂಕಕ್ಕಲ್ಲ, ಗಾಳಿಗೆ. ಗಂಟೆಗೆ 25 ಬದಲು 18ರಲ್ಲಿ ಹೋದರೆ ಬ್ಯಾಟರಿ ಎಷ್ಟೋ ದೂರ ಹೆಚ್ಚು ಬರುತ್ತದೆ.

ಕಾನೂನು ಏನನ್ನುತ್ತದೆ

ಅಳಿಯನ ಸಾವಿರ ವಾಟಿಗೆ ಇಲ್ಲೇ ಕೊನೆಯ ಮೊಳೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ ಅರ್ಧ ಗಂಟೆಯ ಶಕ್ತಿ 250 ವಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ, ಬ್ಯಾಟರಿ ಬಿಟ್ಟು ಗಾಡಿಯ ತೂಕ 60 ಕಿಲೋ ಒಳಗಿದ್ದರೆ, ಪರೀಕ್ಷೆಯಾಗಿ ಒಪ್ಪಿಗೆ ಪಡೆದ ಅಂಥ ಗಾಡಿಯನ್ನು ಮೋಟಾರು ವಾಹನ ಎಂದು ಲೆಕ್ಕಿಸುವುದಿಲ್ಲ. ನೋಂದಣಿ ಬೇಡ, ಲೈಸೆನ್ಸ್ ಬೇಡ. ಅದಕ್ಕಿಂತ ಮೇಲೆ ಹೋದಿರೋ, ಅದು ಮೋಟಾರ್ ಸೈಕಲ್ಲೇ. ನಂಬರ್ ಪ್ಲೇಟಿಲ್ಲದ, ವಿಮೆಯಿಲ್ಲದ ಮೋಟಾರ್ ಸೈಕಲ್ಲು. ಪೊಲೀಸರು ಹಿಡಿಯುವುದು ಹಾಗಿರಲಿ, ಯಾರಿಗಾದರೂ ಗುದ್ದಿದರೆ ಪರಿಹಾರ ನಿಮ್ಮ ಮನೆ ಮಾರಿ ಕೊಡಬೇಕಾದೀತು. ಕಿಟ್ ಕೊಳ್ಳುವಾಗ ಪರೀಕ್ಷೆಯ ಒಪ್ಪಿಗೆ ಪತ್ರ ಕೇಳಿ ನೋಡಿ. ನಾಳೆ ಬಾ ಎನ್ನುವ ಅಂಗಡಿಗೆ ನಾಳೆಯೂ ಹೋಗಬೇಡಿ. ಸಾವಿರ ವಾಟಿನದಕ್ಕೆ 250 ಎಂದು ಚೀಟಿ ಅಂಟಿಸಿ ಮಾರಿದರೂ ಮೋಟಾರಿನ ತೂಕ ಸುಳ್ಳು ಹೇಳುವುದಿಲ್ಲ. ಆರು ಕಿಲೋ ತೂಗುವ '250 ವಾಟ್' ಕಂಡರೆ ಅನುಮಾನಪಡಿ.

ಚಾಚಾ ಎತ್ತಿದ ತಕರಾರು

ಮೋಟಾರು ಯಾವುದೆಂದು ಆಯಿತು. ಅಷ್ಟರಲ್ಲಿ ಇಷ್ಟು ಹೊತ್ತು ಬೀಡಿ ಸೇದುತ್ತ ಕೂತಿದ್ದ ಚಾಚಾ ಎದ್ದರು. ಕರಿ ಸೈಕಲ್ಲಿನ ಗಾಲಿ ತಿರುಗಿಸಿ ಕೇಳಿದರು : "ಬೇಟಾ, ಕಡ್ಡಿ ಎಣಿಸಿದ್ದೀಯಾ?"

ಎಣಿಸಿರಲಿಲ್ಲ. ನಮ್ಮ ಕರಿ ಸೈಕಲ್ಲಿಗೆ ಮುಂದೆ 32 ಕಡ್ಡಿ, ಹಿಂದೆ 40. ಬಜಾರಿನ ಹಬ್ ಮೋಟಾರಿಗೆ ಸಾಮಾನ್ಯವಾಗಿ 36 ತೂತು. ಹಳೇ ರಿಮ್ಮಿಗೆ ಹೊಸ ಮೋಟಾರು ಕೂರುವುದೇ ಇಲ್ಲ! 36 ತೂತಿನ ಬೇರೆ ರಿಮ್ಮು ಬೇಕು, ಕಡ್ಡಿ ದಪ್ಪನೆಯದು ಬೇಕು, ಅಳತೆ ಗಿಡ್ಡವಾಗಬೇಕು. ಇದನ್ನು ಹೇಳುವವರು ಯಾರು? ಪಾರ್ಸೆಲ್ಲಿನಲ್ಲಿ ತರಿಸಿಕೊಂಡು ಮೋಟಾರನ್ನು ಅಟ್ಟದ ಮೇಲಿಟ್ಟವರು ಈ ಊರಲ್ಲೇ ಇಬ್ಬರು ನನಗೆ ಗೊತ್ತು. ರಿಮ್ಮಿಗೆ ಸೇರಿಸಿಯೇ ಮಾರುವ ಪೂರ್ತಿ ಗಾಲಿ ಸಿಗುತ್ತದೆ. ಅದಾದರೆ ನಿಮ್ಮ ಟೈರಿನ ಅಳತೆ ಸರಿಯಾಗಿ ಹೇಳಬೇಕು.

ಎರಡನೆಯದು ಅಗಲ. ಹಿಂದಿನ ಗಾಲಿಯ ಮೋಟಾರಿಗೆ ಫೋರ್ಕಿನ ಎರಡು ಬಾಯಿಗಳ ನಡುವೆ ಹೆಚ್ಚಾಗಿ 135 ಮಿಲಿಮೀಟರು ಜಾಗ ಬೇಕು. ಗೇರ್ ಸೈಕಲ್ಲಿನಲ್ಲಿ ಅಷ್ಟಿರುತ್ತದೆ. ಕರಿ ಸೈಕಲ್ಲಿನಲ್ಲಿ ಕಡಿಮೆ. ಉಕ್ಕಿನ ಫ್ರೇಮನ್ನು ತಿಳಿದವರು ಮೆಲ್ಲಗೆ ಅಗಲಿಸಬಹುದು. ಅಲ್ಯುಮಿನಿಯಂ ಫ್ರೇಮನ್ನು ಮಾತ್ರ ಮುಟ್ಟಬಾರದು, ಬಿರುಕು ಬಿಡುತ್ತದೆ. ಚಾಚಾ ಎರಡೂ ಬದಿ ಸಮನಾಗಿ ಅಗಲಿಸಿ, ದಾರ ಹಿಡಿದು ನೋಡಿ, ಗಾಲಿ ಫ್ರೇಮಿನ ನಡುಗೆರೆಗೆ ಬಂತೆಂದು ಖಾತ್ರಿಯಾದ ಮೇಲೇ ನಟ್ಟು ಬಿಗಿದರು.

ಮುಂದಿನ ಗಾಲಿಗೋ ಹಿಂದಿನದಕ್ಕೋ? ಹಿಂದಿನದಕ್ಕೇ. ಭಾರ ಹಿಂದೆ ಇರುವುದರಿಂದ ಮಳೆಯಲ್ಲಿ ಗಾಲಿ ಜಾರುವುದು ಕಡಿಮೆ, ಅಕಸ್ಮಾತ್ ಅಚ್ಚು ಸಡಿಲವಾದರೂ ಮುಂದಿನ ಗಾಲಿ ಕಳಚಿ ಮುಖ ಒಡೆಯುವುದಿಲ್ಲ. ನನ್ನ ಗದ್ದ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಹಿಂದೆ ಹಾಕಿದರೂ ಟಾರ್ಕ್ ಆರ್ಮ್ ಬೇಕೇ ಬೇಕು. ಪಂಚರ್ ಆದರೆ ಗಾಲಿ ಬಿಚ್ಚುವುದು ತೊಡಕು ಎಂಬುದು ನಿಜ. ಅದಕ್ಕೂ ಚಾಚಾ ನಕ್ಕರು : "ನಾವು ಯಾವಾಗ ಗಾಲಿ ಬಿಚ್ಚಿ ಪಂಚರ್ ಹಾಕಿದ್ವಿ? ಟ್ಯೂಬ್ ಪಕ್ಕಕ್ಕೆ ಎಳದ್ರೆ ಸಾಕು."

ಮೂರನೆಯದು ಬ್ರೇಕು. ಗಂಟೆಗೆ 15 ಓಡುತ್ತಿದ್ದ ಸೈಕಲ್ಲು 25 ಓಡಿದರೆ ನಿಲ್ಲಿಸಲು ಬೇಕಾದ ಶಕ್ತಿ ಎರಡು ಮುಕ್ಕಾಲು ಪಟ್ಟು ಏರುತ್ತದೆ. ಹಳೇ ರಾಡ್ ಬ್ರೇಕು ಮಳೆಯಲ್ಲಿ ದೇವರ ಮೇಲೆ ಭಾರ. ಅದನ್ನು ತೆಗೆಸಿ, ಕೇಬಲ್ ಬ್ರೇಕು ಹಾಕಿಸಿ, ಹಿಡಿದ ಕ್ಷಣ ಮೋಟಾರಿನ ಕರೆಂಟು ಕಡಿಯುವ ಲಿವರ್ ಕೂಡಿಸಿದರು. ಈ ಲಿವರ್ ಇಲ್ಲದ ಕಿಟ್ ಪುಕ್ಕಟೆ ಕೊಟ್ಟರೂ ಬೇಡ.

ಬ್ಯಾಟರಿ ಮುದುಕಾದ ಮೇಲೆ ನೋಡಿ

ಬ್ಯಾಟರಿ ಎಷ್ಟು ದೊಡ್ಡದು ಬೇಕು? 36 ವೋಲ್ಟು, 10 ಆಂಪಿಯರ್ ಅವರ್ ಎಂದರೆ 360 ವಾಟ್ ಗಂಟೆ. ಸ್ವಲ್ಪ ತುಳಿದುಕೊಂಡು ಹೋದರೆ ಕಿಲೋಮೀಟರಿಗೆ 12 ಸಾಕು. ಅಣ್ಣಾರ 22 ಕಿಲೋಮೀಟರಿಗೆ 264. ಇನ್ನೂ ಮಿಗುತ್ತದಲ್ಲ, ಚಿಕ್ಕದೇ ಸಾಕಲ್ಲ ಎನ್ನಬೇಡಿ. ಬ್ಯಾಟರಿ ವರ್ಷ ಕಳೆದಂತೆ ಸೊರಗುತ್ತದೆ. ಕಾಲು ಭಾಗ ಸೊರಗಿದ ದಿನ ಅದರಲ್ಲಿ ಉಳಿಯುವುದು 270. ಆಗಲೂ ಅಣ್ಣಾರು ಮನೆ ಸೇರಬೇಕು. ಬ್ಯಾಟರಿ ಕೊಳ್ಳುವಾಗ ಅದರ ಯೌವನ ನೋಡಿ ಮೋಸಹೋಗದೆ ಮುಪ್ಪಿನ ಲೆಕ್ಕ ಹಾಕಬೇಕು.

ಸೀಸದ ಬ್ಯಾಟರಿ ಅಗ್ಗ, ಆದರೆ 12 ವೋಲ್ಟಿನವು ಮೂರು ಸೇರಿ ಹನ್ನೆರಡು ಕಿಲೋ ತೂಗುತ್ತವೆ. ಲಿಥಿಯಂ ಹಗುರ. ಆದರೆ ಬೆಂಕಿಯ ಭಯವನ್ನು ತಳ್ಳಿಹಾಕುವಂತಿಲ್ಲ. 2022ರಲ್ಲಿ ದೇಶದ ಹಲವು ಕಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿದ್ದು ಎಲ್ಲರಿಗೂ ನೆನಪಿದೆ. ಒಳಗೆ ಬಿ.ಎಂ.ಎಸ್. ಎಂಬ ಕಾವಲು ಸರ್ಕ್ಯೂಟ್ ಇರುವುದನ್ನೇ ಕೊಳ್ಳಿ. ಅದರ ಜೊತೆ ಬಂದ ಚಾರ್ಜರ್ ಮಾತ್ರ ಬಳಸಿ. 36 ವೋಲ್ಟಿನ ಮಾಮೂಲು ಲಿಥಿಯಂ ಅಯಾನ್ ಬ್ಯಾಟರಿ ತುಂಬಿದಾಗ 42 ವೋಲ್ಟ್ ಆಗುತ್ತದೆ. ಅದಕ್ಕಿಂತ ಹೆಚ್ಚಿನ ಚಾರ್ಜರ್ ಚುಚ್ಚಿದರೆ ಅಪಾಯ. ಮಲಗಿ ನಿದ್ದೆ ಮಾಡುವಾಗ ಚಾರ್ಜಿಗೆ ಹಾಕಬೇಡಿ. ಜವಳಿ ಅಂಗಡಿಯವರು ಬಟ್ಟೆ ಗಂಟಿನ ಪಕ್ಕ ಅಂತೂ ಇಡಲೇಬೇಡಿ. ಅಣ್ಣಾರ ಸಾವ್ಕಾರರು ಒಳ್ಳೆಯವರು. ಅಂಗಡಿ ಮುಂದಿನ ಜಗಲಿಯಲ್ಲಿ, ಕಣ್ಣೆದುರಿಗೆ, ಹಗಲು ಹೊತ್ತು ಚಾರ್ಜ್ ಮಾಡಿಕೊಳ್ಳಲು ಒಪ್ಪಿದರು. ಖರ್ಚೆಷ್ಟು? ಪೂರ್ತಿ ತುಂಬಲು ಅರ್ಧ ಯೂನಿಟ್ಟೂ ಬೇಡ. ಯೂನಿಟ್ಟಿಗೆ ಆರೇಳು ರೂಪಾಯಿ ಹಿಡಿದರೂ ಮೂರು ರೂಪಾಯಿ ಚಿಲ್ಲರೆ. ಒಂದು ಚಹಾದ ದುಡ್ಡೂ ಅಲ್ಲ.

ಮಳೆಗಾಲಕ್ಕೆ ಒಂದು ಕಿವಿಮಾತು. ಮೋಟಾರಿನ ತಂತಿ ಅಚ್ಚಿನ ತೂತಿನಿಂದಲೇ ಒಳಹೋಗುತ್ತದೆ. ತಂತಿ ಮೇಲಿಂದ ನೇರ ಇಳಿದರೆ ಅದರ ಗುಂಟ ನೀರೂ ಒಳಗೆ ಇಳಿಯುತ್ತದೆ. ತಂತಿಯನ್ನು ಅಚ್ಚಿಗಿಂತ ಕೆಳಗೆ ಜೋಲಿಸಿ ಮತ್ತೆ ಮೇಲಕ್ಕೆ ತಂದರೆ ನೀರು ಜೋಲಿನ ತುದಿಯಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಸರ್ವೀಸ್ ಸ್ಟೇಷನ್ನಿನ ಪ್ರೆಷರ್ ನೀರು ಹಬ್ಬಿಗೆ ಹೊಡೆಸಬೇಡಿ.

ಲೆಕ್ಕ ಒಪ್ಪಿಸುವುದು

ಮೋಟಾರು, ಕಂಟ್ರೋಲರ್, ಲಿವರ್ ಸೇರಿ 9,500. ಬ್ಯಾಟರಿ ಚಾರ್ಜರ್ 11,500. ರಿಮ್ಮು, ಕಡ್ಡಿ, ಬ್ರೇಕು, ಟಾರ್ಕ್ ಆರ್ಮ್, ಚಾಚಾರ ಕೂಲಿ 2,400. ಒಟ್ಟು 23,400. ಚೀಟಿ ದುಡ್ಡಿನಲ್ಲಿ ಉಳಿದ 600ಕ್ಕೆ ಅಣ್ಣಾರು ಏನು ತರುತ್ತಾರೋ ಎಂದು ನೋಡುತ್ತಿದ್ದೆ. ಹೆಲ್ಮೆಟ್ ತಂದರು. "ನಿಮ್ಮ ಗದ್ದ ನೋಡಿ ಬುದ್ಧಿ ಬಂತು" ಅಂದರು.

ಮೊದಲ ರಾತ್ರಿ ಅಂಗಡಿ ಮುಚ್ಚಿದಾಗ ಒಂಬತ್ತು ನಲವತ್ತು. ಕಡೇ ಬಸ್ಸು ಹೋಗಿಯಾಗಿತ್ತು. ಅಣ್ಣಾರು ಅವಸರ ಮಾಡದೆ ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಂಡು ಹೊರಟರು. ನನಗೆ ಮಾತ್ರ ಸಮಾಧಾನವಿಲ್ಲ. ನಾಲೆ ಏರಿ ಹತ್ತುತ್ತೋ ಇಲ್ಲವೋ, ನಟ್ಟು ಸಡಿಲವಾಯಿತೋ ಏನೋ. ಹತ್ತೂಕಾಲಿಗೆ ಫೋನ್ ಬಂತು. ಆ ಕಡೆಯಿಂದ ಅಣ್ಣಾರ ಹೆಂಡತಿ. "ಬಂದ್ರು ಕಣಪ್ಪ. ಸೂಜಿ ಆತು. ಈಗ ಉಣ್ಣಾಕೆ ಕುಂತೀವಿ."

ಇದಾಗಿ ನಾಲ್ಕು ತಿಂಗಳು. ಎಲ್ಲವೂ ಚಿನ್ನ ಎಂದು ಬರೆದರೆ ಸುಳ್ಳಾಗುತ್ತದೆ. ಎರಡು ಕಡ್ಡಿ ಮುರಿದವು, ಚಾಚಾ ಹಾಕಿಕೊಟ್ಟರು. ಒಂದು ರಾತ್ರಿ ಪಂಚರ್ ಆಗಿ ನಾಲ್ಕು ಕಿಲೋಮೀಟರು ತಳ್ಳಿಕೊಂಡು ಹೋದರು. ಜೋರು ಮಳೆಯ ದಿನ ಅಣ್ಣಾರು ಈಗಲೂ ಬಸ್ಸಿಗೇ ಹೋಗುತ್ತಾರೆ, ಆ ದಿನ ಸಾವ್ಕಾರರು ಅರ್ಧ ಗಂಟೆ ಮುಂಚೆ ಬಿಡುತ್ತಾರೆ. ಪ್ರತಿ ಸೋಮವಾರ ಅಚ್ಚಿನ ನಟ್ಟಿಗೆ ಪಾನಾ ಹಾಕಿ ನೋಡುವುದು ಮಾತ್ರ ತಪ್ಪಿಸಿಲ್ಲ.

ಆದ್ದರಿಂದ ಮಾನ್ಯ ಓದುಗರೆ, ಸೈಕಲ್ಲಿಗೆ ಮೋಟಾರು ಕೂಡಿಸುವ ಆಸೆಯಿದ್ದರೆ ಫೋನಿನಲ್ಲಿ ಅಳಿಯನನ್ನು ಕೇಳುವ ಮುಂಚೆ ನಿಮ್ಮ ತೂಕ, ನಿಮ್ಮ ದಾರಿ, ನಿಮ್ಮ ಏರು ಅಳೆದುಕೊಳ್ಳಿ. ಕಡ್ಡಿ ಎಣಿಸಿ. ಟಾರ್ಕ್ ಆರ್ಮ್ ಕೇಳಿ. 250 ವಾಟಿಗೆ ನಿಲ್ಲಿ.

ಮೊನ್ನೆ ಮಳೆಯ ದಿನ ಕಡೇ ಬಸ್ಸಿನ ಕಂಡಕ್ಟರು ಅಣ್ಣಾರನ್ನು ಕಂಡು, "ಏನ್ರೀ, ಕೆಲಸ ಬಿಟ್ರಾ, ಕಾಣಾದೇ ಇಲ್ಲ?" ಎಂದು ಕೇಳಿದರಂತೆ.

"ಕೆಲಸ ಬಿಟ್ಟಿಲ್ಲ," ಅಂದರಂತೆ ಅಣ್ಣಾರು, "ಓಡೋದು ಬಿಟ್ಟೀನಿ."